ಗಂಡನಿಗೂ ಹೇಳದ ಮಾತು

ಪಾಳಿ ಮುಗಿಸಿದ ನರ್ಸೊಬ್ಬಳು ತನ್ನ ಅತ್ತೆಯೊಂದಿಗೆ ಸಂಜೆಯ ಬಸ್ಸಿನಲ್ಲಿ ಆಸ್ಪತ್ರೆಯಿಂದ ಮನೆಗೆ ಹೊರಟಿದ್ದಳು. ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳಿಕೊಳ್ಳುತ್ತ ಕೂತಿದ್ದ ಮುದುಕಿಗೆ, ಬೇಡವೆಂದರೂ ಅವರ ಮಾತು ಕಿವಿಗೆ ಬೀಳುತ್ತಿತ್ತು.

“ಎದುರುಮನೆ ದರ್ಜಿ ಹೆಂಡತಿ ನಿಮ್ಮ ವಾರ್ಡಿಗೆ ಬಂದಿದ್ಲಲ್ಲ, ಏನಂತೆ ಅವಳಿಗೆ?”

“ಅದನ್ನ ನಾನು ಹೇಳೋ ಹಾಗಿಲ್ಲ, ಅತ್ತೆ.”

“ನಾನೇನು ಡಂಗುರ ಹೊಡೀತೀನಾ?”

“ನೀವು ಹೊಡೆಯಲ್ಲ. ನಿಮ್ಮ ಮುಖ ಹೊಡೆಯುತ್ತೆ.”

“ಹೋಗ್ಲಿ, ನನ್ನ ಮಗನಿಗಾದ್ರೂ ಹೇಳಿರ್ತೀಯ.”

“ಇಲ್ಲ. ಆಸ್ಪತ್ರೆ ಮಾತು ಗಂಡನಿಗೂ ಇಲ್ಲ.”

“ಅವನು ಬಾಯಿ ಬಿಡಿಸೋಕೆ ನೋಡಿದ್ರೆ?”

“ನೋಡಿ ನೋಡಿ ಸುಸ್ತಾಗಿ ಮಲಗ್ತಾರೆ.”

ಅತ್ತೆ ಸೊಸೆಯ ಕಡೆಗೆ ಬಾಗಿ, ದನಿ ತಗ್ಗಿಸಿದಳು.

“ಹಾಗಾದ್ರೆ ನಂದೂ ಒಂದು ಇಟ್ಕೋ. ಎದೇಲಿ ಒಂದು ಗಂಟು ಕೈಗೆ ಸಿಗ್ತಿದೆ. ಎರಡು ತಿಂಗಳಾಯ್ತು. ಅವನಿಗೆ ಗೊತ್ತಾದ್ರೆ ಊಟ ಬಿಡ್ತಾನೆ.”

ಮುದುಕಿಯ ಜಪ ನಿಂತಿತು. ಅವಳ ತಂಗಿ ಇಂಥದ್ದನ್ನೇ ಯಾರಿಗೂ ಹೇಳದೆ ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

“ನೀವಾಗಿ ಹೇಳೋವರೆಗೂ ನಾನು ಹೇಳಲ್ಲ,” ಎಂದಳು ಸೊಸೆ. “ಆದ್ರೆ ಈಗ ಏಳಿ. ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ಹೋಗೋಣ. ಡಾಕ್ಟರಮ್ಮ ಇನ್ನೂ ಇರ್ತಾರೆ.”

“ಯಾಕೆ ತಡ ಅಂತ ಅವನು ಕೇಳಿದ್ರೆ?”

“ನಿಮ್ಮಮ್ಮನ್ನೇ ಕೇಳಿ ಅಂತೀನಿ.”

“ಕಳ್ಳಿ!”

ಅತ್ತೆ ಸೊಸೆಯ ತೋಳು ಹಿಡಿದು ಎದ್ದಳು. ಯಾರಿಗಾದರೂ ಕೇಳಿಸಿತೇನೋ ಎಂದು ಹಿಂದಕ್ಕೆ ತಿರುಗಿದಳು. ಮುದುಕಿ ತಟ್ಟನೆ ಕಣ್ಣು ಮುಚ್ಚಿ, ಕಿಟಕಿಗೆ ತಲೆಯೊರಗಿಸಿ, ನಿದ್ದೆ ಹೋದವಳ ಹಾಗೆ ಕೂತಳು. ಅವರಿಬ್ಬರೂ ಇಳಿದು ಹೋಗುವವರೆಗೂ ಕಣ್ಣು ತೆರೆಯಲಿಲ್ಲ.