ಸುಬೇದಾರನ ಬಂದೂಕು ತಟ್ಟಿ ನೋಡಿದ್ದು

ಹಂಗಲ್ಲೋ ತಮ್ಮಾ, ಬಂದೂಕಂದ್ರ ಬರೇ ಉದ್ದನ್ನ ಕಬ್ಬಿಣದ ನಳಗಿ ಅಂತ ತಿಳಕೊಂಡೀರಿ ನೀವು, ಕುದರಿ ಎಳದ್ರ ಢಮ್ ಅಂತೈತಿ, ಮುಗೀತು ಅಂತ. ಅದರ ಹೊಟ್ಟ್ಯಾಗ ಏನೇನ್ ಸಂಸಾರ ಇರತೈತಿ ಗೊತ್ತೈತೇನು? ಸ್ಪ್ರಿಂಗು, ಕೊಂಡಿ, ತಿರುಪು, ಎಲ್ಲಾ ಒಂದಕ್ಕೊಂದು ಹಿಡಕೊಂಡು ಕುಂತಿರತಾವು, ಒಂದು ಸಡ್ಲ ಆತಂದ್ರ ಉಳದದ್ದೆಲ್ಲಾ ಕುಣ್ಯಾಕ ಸುರು ಮಾಡ್ತಾವು. ಮತ್ತ ನಾ ಹೇಳೂದು ಮದ್ದು ತುಂಬಿ ಕೋಲಿಲೆ ಗಿಡಿಯೂ ಹಳೇ ಬಂದೂಕಲ್ಲ. ಇದು ತಾನs ತುಂಬಿಕೊಳ್ಳೂ ಬಂದೂಕು. ಒಂದು ಗುಂಡು ಹಾರಿತಂದ್ರ ಖಾಲಿ ತೋಟಾ ತಾನs ಹೊರಗ ಉಗುಳಿ, ಮುಂದಿನ ತೋಟಾ ತಾನs ನುಂಗಿ ತಯಾರಾಗಿ ನಿಂತಿರತಿತ್ತು, ನೀವು ಕುದರಿ ಮತ್ತೊಮ್ಮೆ ಎಳದ್ರಾತು. ಇಡೀ ಜಿಲ್ಲಾದಾಗ ಅಂಥಾದ್ದು ಎಲ್ಲೋ ಒಂದೋ ಎರಡೋ. ಅದನ್ನ ಬಿಚ್ಚಿ ಕೂಡಿಸಿದ ಕುಂಬಾರ ಅಂದ್ರ ಈ ಭೂಮಿ ಮ್ಯಾಲೆ ನಾ ಒಬ್ಬನs. ನಗಬ್ಯಾಡ ಶಾಂತೀ, ಖರೇನ ಹೇಳ್ತೀನಿ. ನನ್ನ ಕಿವಿ ಆವಾಗ ಹೆಂಗಿತ್ತಂದ್ರ, ಬೆಳಗಾವಿ ಕ್ವಾಟಿ ಒಳಗ ಯಾರರ ಸೂಜಿ ಕೆಡವಿದ್ರ, ಖಾನಾಪುರದಾಗ ಕುಂತು ಅದು ಸೂಜಿಯೋ ದಬ್ಬಣಾನೋ ಹೇಳ್ತಿದ್ನಿ.

ಆದ್ರ ಆ ವರ್ಷ ನಮ್ಮ ಮನ್ಯಾಗ ಉಣ್ಣಾಕ ಏನೂ ಉಳದಿರಲಿಲ್ಲ, ಬರೇ ಕಿವಿ ಇಟ್ಕೊಂಡು ಏನ್ ಮಾಡೂದು. ಜಗತ್ತಿನ ಮೊದಲನೇ ದೊಡ್ಡ ಲಡಾಯಿ ಮುಗದು ಐದಾರು ವರ್ಷ ಆಗಿರಬೇಕು, ಬ್ರಿಟಿಷರ ಕಾಲ. ನಮ್ಮಪ್ಪ ಖಾನಾಪುರದಾಗ ಹೊಳಿ ದಂಡಿಗೆ ಗಡಗಿ ಮಾಡ್ತಿದ್ದ. ಶ್ರಾವಣದಾಗ ಮಲಪ್ರಭಾ ಏರಿದ್ಲು ನೋಡ್ರಿ, ಆನಿ ಎತ್ತರ ನೀರು... ಅಲ್ಲಲ್ಲ, ಆನಿ ಮ್ಯಾಲೊಂದು ಆನಿ ನಿಲ್ಲಿಸಿದಷ್ಟು. ಗಡಗಿ ಸುಡೂ ಆವಿಗಿ ಹೋತು, ಒಟ್ಟಿದ್ದ ಕಟಿಗಿ ಹೋತು, ಒಣಗಾಕ ಇಟ್ಟ ಹಸೀ ಗಡಗಿ ಎಲ್ಲಾ ಕರಗಿ ಮತ್ತ ಹುದಲಾಗಿ ಕುಂತ್ವು. ಅಟ್ಟದ ಮ್ಯಾಲಿದ್ದ ಒಂದೀಟು ಸುಟ್ಟ ಮಾಲು ಅಷ್ಟs ಉಳೀತು. ನಮ್ಮಪ್ಪ ಅಂಥಾ ಗಟ್ಟಿ ಮನಷ್ಯಾ, ಅಂವಾ ಗಡಗಿ ತಿರುವೂ ತಿಗರಿ ಮುಂದ ಕೈ ಕಟಗೊಂಡು ಕುಂತಬಿಟ್ಟ. ಅವ್ವ ಗಂಜಿ ಕಾಸೂದು, ಅದಕ್ಕ ನೀರು ಹಾಕೂದು, ಮತ್ತ ನೀರು ಹಾಕೂದು. ಕಡೀಕ ಅಕಿ ನನ್ನ ಕರದು, "ಏ ಮೀಸಿ ಬಂದಾವಲ್ಲ ನಿನಗ, ದಿನಾ ಕನ್ನಡಿ ನೋಡಕೋತೀ, ಆ ಮೀಸಿಗರ ಮರ್ಯಾದಿ ಕೊಡು. ಹೋಗು ಬೆಳಗಾವಿಗೆ, ಏನರ ದುಡಿ" ಅಂದ್ಲು. ನಾ ಉಳದ ಗಡಗಿ ಕಾವಡ್ಯಾಗ ಕಟಗೊಂಡು ಹೊಂಟ್ನಿ. ಆ ಮಳಿಯೊಳಗ ನಡಕೋತ. ಹಾದ್ಯಾಗ ಒಂದು ಚಿರತಿ ಅಡ್ಡ ಬಂದಿತ್ತು, ನನ್ನ ಮೀಸಿ ನೋಡಿ ದಾರಿ ಬಿಟ್ಟು ಹೋತು. ಅದಿರ್ಲಿ, ಅದು ಬ್ಯಾರೆ ಕತಿ.

ಬೆಳಗಾವಿ ಪಲ್ಟಣಿ ಕ್ಯಾಂಪಿನ ಹಿಂದಿನ ಓಣ್ಯಾಗ ಗಡಗೀ ಗಡಗೀ ಅಂತ ಒದರಿಕೋತ ಹೊಂಟಿದ್ನಿ. ಒಂದು ಮನಿ ಮುಂದ ಒಬ್ಬಾಕಿ ಬೀಬಿ ನಿಂದ್ರಿಸಿದ್ಲು, "ಏ ಮಡಕೇವಾಲಾ, ನೀರಿಗೆ ಒಂದು ಛಲೋ ಗಡಗಿ ಕೊಡು." ದೊಡ್ಡದೊಂದು ಆರಿಸಿದ್ಲು. ಗಿರಾಕಿ ಕೈಗೆ ಕೊಡೂ ಮುಂದ ಬೆರಳಿಲೆ ತಟ್ಟಿ ಕೊಡೂದು ನಮ್ಮ ಜಾತಿ ಚಾಳಿ, ಗೊತ್ತಲ್ಲ. ತಟ್ಟಿದ್ನಿ. ಠಣ್ ಅನ್ನೂ ಬದ್ಲಿ ಬದ್ ಅಂತು. "ಇದು ಬ್ಯಾಡ್ರೀ ತಾಯಿ, ಒಳಗ ಸೀಳೈತಿ, ನೀರು ಜಿನಗತೈತಿ. ಬಾಜೂದು ತಗೋರಿ." ಅಕಿ ನಗಾಕ ಹತ್ತಿದ್ಲು, "ಅರೇ, ತನ್ನ ಮಾಲು ತಾನs ಬ್ಯಾಡ ಅಂತಾನ, ನೋಡ್ರಿ ಇಲ್ಲಿ!" ಒಳಗ ಅಕಿ ಗಂಡ ಕುಂತಿದ್ದ. ಅಂವನs ಮುಂದ ನನ್ನ ಉಸ್ತಾದ ಆದಾಂವಾ, ಬಂದೂಕು ರಿಪೇರಿ ಮಾಡಾಂವಾ. ಪಲ್ಟಣಿ ಸಾಹೇಬರು, ಶಿಕಾರಿ ಮಂದಿ, ಎಲ್ಲಾರೂ ತಮ್ಮ ತಮ್ಮ ಬಂದೂಕು ತಂದು ಅವನ ಮುಂದ ಇಡ್ತಿದ್ರು, ಮನಿ ಮುಂದಿನ ಖೋಲೀನs ಅವನ ಅಂಗಡಿ. ಕನ್ನಡಕದ ಮ್ಯಾಲಿಂದ ನೋಡಿ ಅಂದ, "ಏನ್ ಕೇಳಿಸ್ತಪ್ಪಾ ನಿನಗ?" "ಸೀಳಿನ ಸದ್ದು ಕೇಳಿಸ್ತರೀ." "ಕಬ್ಬಿಣದಾಗೂ ಕೇಳಸ್ತದೇನು?" ನಾ ಬಿಡ್ತೀನೇನು? "ಕಬ್ಬಿಣದಾಗೂ ಕೇಳತೈತಿ, ಕಲ್ಲಿನಾಗೂ ಕೇಳತೈತಿ, ಮನಷ್ಯಾನ ಎದಿಯಾಗಿನ ಸುಳ್ಳೂ ಕೇಳತೈತಿ." ಅಂವಾ ಗಡ್ಡ ಸವರಿಕೊಂಡ. "ಬಾಯಿ ಭಾಳ ದೊಡ್ಡದದ. ಕೈ ಹೆಂಗದ ನೋಡೂಣು. ದಸರಾ ತನಕ ಇರು. ಕೈ ಕುಂತ್ರ ಕಾಯಂ, ಕುಂದ್ರಲಿಲ್ಲ ಅಂದ್ರ ಖಾನಾಪುರದ ಹಾದಿ ನಿನಗ ಗೊತ್ತದ." ಇಷ್ಟs ಮಾತು. ನಾ ಕಾಯಂ ಆದ್ರ ಮನ್ಯಾಗ ಒಲಿ ಹೊತ್ತತೈತಿ, ಇಲ್ಲಂದ್ರ ಅವ್ವ ಗಂಜಿಗೆ ನೀರು ಹಾಕೂದs. ನನಗ ರಾತ್ರಿ ಹಗಲೂ ಅದೊಂದs ಚಿಂತಿ.

ಕೆಲಸ ಏನಂದ್ರ, ಸಡ್ಲ ಆದದ್ದು ಹುಡುಕೂದು, ಬಿಗಿ ಮಾಡೂದು. ಹೇಳಾಕ ಹಗರ. ಉಸ್ತಾದನ ಮೊದಲನೇ ಕಾನೂನು, ಯಾರ ಬಂದೂಕರ ಬರ್ಲಿ, ಗವರ್ನರಂದs ಬರ್ಲಿ, ತಗದು ನೋಡು, ಬೆರಳು ಹಾಕಿ ನೋಡು, ಒಳಗ ತೋಟಾ ಇಲ್ಲ ಅಂತ ನಿನ್ನ ಬೆರಳು ಹೇಳಬೇಕು. "ಗಿರಾಕಿ ಖಾಲಿ ಅದ ಅಂತಾನ, ಅವನ ಬಾಯಿ ನಂಬಬ್ಯಾಡ." ಆಮ್ಯಾಲೆ ಎಣ್ಣಿ ಜಿಡ್ಡು ಒರಸೂದು, ಕಿವಿ ಹಂತ್ಯಾಕ ಹಿಡದು ಅಳ್ಳಾಡಸೂದು, ಒಂದೊಂದು ತಿರುಪಿಗೂ ಅದರ ಅಳತೀ ಸರಿ ಇರೂ ಪೇಚಕಸ್ ಹಾಕಿ ತಿರುವೂದು. ನಾ ಒಮ್ಮೆ ಕೈಗೆ ಸಿಕ್ಕದ್ದು ತಗೊಂಡು ಜೋರಾಗಿ ತಿರುವಿದ್ದಕ್ಕ, "ಏ ಕುಂಬಾರ, ಅದೇನ್ ತಿಗರಿ ತಿಳದೀ ಏನು? ತಿರುಪಿನ ತಲಿ ಹರದ್ರ ನಿನ್ನ ತಲಿ ಇಡ್ತೀನಿ ಅಲ್ಲಿ" ಅಂತ ಒದರಿದ. ಬಿಗಿ ಮಾಡಿದ ಮ್ಯಾಲೆ ಉಸ್ತಾದ ಬೀಬಿಯ ಎಲಿ ಚೀಲದಾಗಿನ ಸುಣ್ಣ ಒಂದೀಟು ಬೆರಳಿಗೆ ತಗೊಂಡು, ತಿರುಪಿನ ತಲಿ ಮ್ಯಾಲಿಂದ ಬಾಜೂ ಕಬ್ಬಿಣದ ಮ್ಯಾಲೆ ಒಂದs ಗೆರಿ ಎಳೀತಿದ್ದ. ನಾಳೆ ಗುಂಡು ಹೊಡದ ಮ್ಯಾಲೆ ಗೆರಿ ಮುರದಿದ್ರ ತಿರುಪು ತಿರಗೇತಿ ಅಂತ ಅರ್ಥ. ಬೀಬಿ ಬೈತಿದ್ಲು, "ನನ್ನ ಸುಣ್ಣೆಲ್ಲಾ ಈ ಬಂದೂಕs ತಿಂತಾವು, ನನ್ನ ಬಾಯಿಗೆ ಬರೇ ಅಡಕಿ!"

ದಸರಾ ಹಂತ್ಯಾಕ ಬಂತು. ಭತ್ತ ಹಾಲು ಕಟ್ಟೂ ಹೊತ್ತು. ಪಾರಿಶ್ವಾಡದ ಕಡೀಂದ ಒಬ್ಬ ಸುಬೇದಾರ ಬಂದ, ಪಲ್ಟಣಿಂದ ಪೆನ್ಶನ್ ಆದಾಂವಾ, ಮೀಸಿ ನನಗಿಂತ ಒಂದೀಟು... ಇರ್ಲಿ, ಸರೀಸಮ ಅನ್ರಿ. ವಿಲಾಯತಿಗೆ ತಿರಗಿ ಹೋಗೂ ಮುಂದ ಅವನ ಸಾಹೇಬ ಪ್ರೀತಿಲೆ ಕೊಟ್ಟು ಹೋದ ಬಂದೂಕದು, ತಾನs ತುಂಬಿಕೊಳ್ಳೂದು. "ಮೊದಲನೇ ಗುಂಡು ಬರೋಬರ್ ಹೊಕ್ಕೈತಿ ಉಸ್ತಾದ್, ಎರಡನೇದು ಎತ್ತಾಗ ಹೊಕ್ಕೈತಿ ದೇವರಿಗೇ ಗೊತ್ತು. ಹಂದಿ ಗದ್ದಿಯೆಲ್ಲಾ ಉಳ್ಳಾಡಿ ಹಾಳು ಮಾಡ್ಯಾವು. ಮೊನ್ನೆ ಒಂದು ಹಂದಿ, ಎಮ್ಮಿಯಷ್ಟು, ತಿರಗಿ ನನ್ನ ಮ್ಯಾಲೆ ಬಂತು ಬಾಬಾ, ಗಿಡಾ ಹತ್ತಿ ಉಳದ್ನಿ. ನಾಳೆ ಮತ್ತ ಹಂದಿ ಎಬ್ಬಸಾಕ ಮಂದಿ ಕೂಡ್ತಾರ. ಈಗಿಂದೀಗ ಮಾಡಿ ಕೊಡ್ರಿ, ಸಂಜಿ ಗಾಡಿಗೆ ನಾ ಹೋಗಬೇಕು."

ಉಸ್ತಾದ ಬೆರಳು ಹಾಕಿ ನೋಡಿದ, ಖಾಲಿ. ಹೊರಗಿನ ತಿರುಪು ಎಲ್ಲಾ ನೋಡಿದ, ಎರಡು ಸಡ್ಲ ಇದ್ವು, ಬಿಗಿ ಮಾಡಿದ, ಸುಣ್ಣದ ಗೆರಿ ಎಳದ. "ಆತು ನೋಡ್ರಿ ಸುಬೇದಾರ್ ಸಾಬ್." ಒರಸಾಕ ನನ್ನ ಕೈಗೆ ಕೊಟ್ಟ. ಒರಸಿದ್ನಿ. ಕೈ ಸುಮ್ಕಿರಬೇಕಲ್ಲ? ಬೆರಳಿಲೆ ತಟ್ಟಿದ್ನಿ. ಬದ್ ಅಂತು. ಮತ್ತ ತಟ್ಟಿದ್ನಿ. ಬದ್! ಮಾತಾಡಿದ್ರ, ಗಿರಾಕಿ ಮುಂದ ಉಸ್ತಾದನ ಕೆಲಸಕ್ಕ ಹೆಸರಿಟ್ಟಂಗಾತು, ಖಾನಾಪುರದ ಹಾದಿ. ಮಾತಾಡಲಿಲ್ಲ ಅಂದ್ರ, ಈ ಮೀಸಿ ಸುಬೇದಾರ ನಾಳೆ ಹಂದಿ ಮುಂದ ನಿಂದ್ರತಾನ, ಎರಡನೇ ಗುಂಡು ಎತ್ತಾಗೋ ಹೊಕ್ಕೈತಿ, ಸುತ್ತ ಮಂದಿ ಇರತಾರ. ಕಡೀಕ ಅಂದ್ನಿ, "ಉಸ್ತಾದ್, ಇದು ಸೀಳೈತಿ." ಸುಬೇದಾರ ಖೋ ಅಂತ ನಕ್ಕ, "ಕಾಯ್ ರೇ, ಏನಂದೀ? ಬಂದೂಕಿಗೂ ಗಡಗೀ ಹಂಗ ತಟ್ಟಿ ನೋಡ್ತೀ? ಇದರಾಗ ಅಂಬಲಿ ಕಾಸಾಂವಿದ್ದೀ ಏನು? ಉಸ್ತಾದ್, ಎಲ್ಲಿಂದ ಹಿಡಕೊಂಡು ಬಂದ್ರಿ ಇವನ್ನ?" ಉಸ್ತಾದ ನಗಲಿಲ್ಲ. ಕನ್ನಡಕ ತಗದು, ಒರಸಿ, ಮತ್ತ ಹಾಕ್ಕೊಂಡ. "ಎಲ್ಲಿ ಸೀಳದ, ತೋರಸು."

ತೋರಸು ಅಂದ್ರ ಬಿಡೂ ಮಗಾ ಅಲ್ಲ ನಾ. ಖಟ್ ಅಂತ ಹೇಳಿದ್ನಿ, "ಹಿಂದಿನ ಕಟಿಗ್ಯಾಗ, ಹೆಗಲಿಗೆ ಆನಸೂದೈತಲ್ಲ, ಅಲ್ಲಿ." ಏನಂದಿ ಶಾಂತೀ? ಹೋದಸಲ ಮುಂದಿನ ಕಟಿಗಿ ಅಂದಿದ್ನಾ? ತಡಿಯವ್ವಾ, ಬರತೈತಿ ಅದು, ನಡಕ ಬಾಯಿ ಹಾಕಬ್ಯಾಡ. ಕಣ್ಣಿಗೆ ಕಾಣದ ಸೀಳು ಹುಡಕೂದು ನಮಗ ಗೊತ್ತು. ಬೀಬಿ ಸುಣ್ಣ ತಗೊಂಡ್ನಿ, ನೀರು ಹಾಕಿ ತೆಳ್ಳಗ ಮಾಡಿ, ಹಿಂದಿನ ಕಟಿಗಿಗೆಲ್ಲಾ ಬಳದ್ನಿ, ಒಣ ಬಟ್ಟಿಲೆ ಒರಸಿದ್ನಿ. ಸೀಳಿದ್ರ ಸುಣ್ಣ ಅದರಾಗ ಕುಂತು ಬೆಳ್ಳಗ ಕಾಣಬೇಕು. ನೋಡಿದ್ರ ಏನೂ ಇಲ್ಲ! ಕಟಿಗಿ ಕನ್ನಡಿ ಹಂಗ ಹೊಳ್ಯಾಕ ಹತ್ತಿತ್ತು. ಸುಬೇದಾರ ತೊಡಿ ತಟ್ಟಿ ನಕ್ಕ, "ವಾ, ಬಂದೂಕಿಗೆ ದೀಪಾವಳಿ ಸುಣ್ಣ ಹೊಡದ!" ಕಣ್ಣ ಮುಂದ ಅವ್ವನ ಗಂಜಿ ಗಡಗಿ ಬಂತು. ಉಸ್ತಾದ ನನ್ನ ಕೈಯಾಗಿನ ಸುಣ್ಣದ ಬಟ್ಟಿ ತಗೊಂಡ, ಎಡಗೈಲೆ ಹಿಡಿಯೂ ಮುಂದಿನ ಕಟಿಗಿಗೆ ಸಾವಕಾಶ ಬಳದ, ಒರಸಿದ. ಅಲ್ಲಿ ಕಂಡ್ತು ನೋಡ್ರಿ! ಕೂದಲಷ್ಟು ತೆಳ್ಳಗ, ಈ ತುದಿಂದ ಆ ತುದಿ ತನಕ ಬೆಳ್ಳನ್ನ ಗೆರಿ, ಕರೀ ಹಲಗಿ ಮ್ಯಾಲೆ ಮಾಸ್ತರ ಎಳದಂಗ. ಸುಬೇದಾರನ ನಗು ಮೀಸ್ಯಾಗs ಸಿಕ್ಕೊಂಡ್ತು.

ಆ ಕಟಿಗಿ ಬಿಚ್ಚಿದ್ವಿ. ಆ ಬಂದೂಕಿನ ಜಾತಿ ಹಂಗ, ಮುಂದಿನ ಕಟಿಗಿ ಹೊಟ್ಟ್ಯಾಗ ಒಂದು ವಜ್ಜೆ ಕಬ್ಬಿಣ ಗುಂಡಿಗೊಮ್ಮೆ ಹಿಂದ ಮುಂದ ಓಡತೈತಿ. ಅದರ ಬಾಜೂಕ ಏನಿತ್ತು ಹೇಳ್ರಿ? ಕೆಂಪು ರುಮಾಲಿನ ಚಿಂದಿ! ಉಸ್ತಾದ ಚಿಮಟಿಲೆ ಎತ್ತಿ ಹಿಡದ, "ಇದೇನ್ರೀ ಸುಬೇದಾರ್ ಸಾಬ್, ಬಂದೂಕಿಗೆ ಥಂಡಿ ಆಗಿತ್ತೇನು?" ಸುಬೇದಾರ ಅತ್ತಾಗ ಇತ್ತಾಗ ನೋಡಿದ. "ಖಡಖಡ ಅಂತಿತ್ತು ಉಸ್ತಾದ್... ಸದ್ದು ಬರಬಾರದಂತ ನಾನs ತುರಕಿದ್ನಿ." ಆ ಚಿಂದಿ ಮಳ್ಯಾಗ ತೊಯ್ದು ಉಬ್ಬೈತಿ, ಕಟಿಗೀನೂ ಉಬ್ಬೈತಿ, ಮ್ಯಾಲೆ ಕಬ್ಬಿಣದ ಏಟು, ಸೀಳದs ಇನ್ನೇನ್ ಮಾಡತೈತಿ? ಮೊದಲನೇ ಗುಂಡಿನ ಏಟಿಗೆ ಸೀಳು ಬಾಯಿ ಬಿಟ್ಟು ಎಡಗೈ ಹಿಡತ ಜಾರತೈತಿ, ಅದಕ್ಕs ಎರಡನೇದು ಎತ್ತಾಗೋ ಹೊಕ್ಕಿತ್ತು. ಸಂಜಿ ಗಾಡಿ ತಪ್ಪಿತು, ಹಂದಿ ಎಬ್ಬಸೂದು ಮುಂದಕ ಹೋತು. ಉಸ್ತಾದ ಶಿಸವಿ, ಅಂದ್ರ ಬೀಟಿ ಕಟಿಗಿ ತಗದು ಹೊಸಾದು ಕೊರದ, ನಾ ಉಜ್ಜಿ ಉಜ್ಜಿ ಕೂಡಿಸಿದ್ನಿ, ತಟ್ಟಿದ್ನಿ. ಕಟಿಗಿ ಅಂದಮ್ಯಾಲೆ ಠಣ್ ಅನಾಂಗಿಲ್ಲ, ಆದ್ರ ಟಕ್ ಅಂತ ಒಂದs ಮಾತು ಅಂತು. ಆಮ್ಯಾಲೆ ಕೇಳಿದ್ನಿ, ಅಂವಾ ಒಂದs ಗುಂಡಿಗೆ ನಾಕ್ ಹಂದಿ... ಹೋಗ್ಲಿ ಬಿಡ್ರಿ, ಎರಡು ಗುಂಡಿಗೆ ಒಂದು, ಆದ್ರ ಅದು ಆನಿಯಷ್ಟಿತ್ತಂತ.

ಸುಬೇದಾರ ಹೋದಮ್ಯಾಲೆ ಉಸ್ತಾದ ಬೀಬಿಗೆ ಒದರಿದ, "ಇವಂಗ ಒಳಗ ಹಾಸಿಗಿ ಹಾಕು, ಇಷ್ಟು ದಿವ್ಸ ಜಗಲಿ ಮ್ಯಾಲೆ ಮಲಗ್ಯಾನ." ನನಗ ತಿಳೀಲಿಲ್ಲ. "ದಸರಾ ಇನ್ನೂ ಬಂದಿಲ್ಲಲ್ರೀ" ಅಂದ್ನಿ. "ಬರ್ಲಿ ಬಿಡೋ, ಅದು ಬರತದ. ಸೀಳು ಎಲ್ಲದ ಅಂತ ನಿನಗ ಸುಟ್ಟರೂ ಗೊತ್ತಾಗೂದಿಲ್ಲ, ಅದನ್ನ ನಾ ಕಲಸ್ತೀನಿ. ಆದ್ರ ಹೇಳೂ ಧೈರ್ಯ ನಾ ಕಲಸಾಕ ಆಗೂದಿಲ್ಲ, ಅದು ನಿನ್ನ ಹಂತ್ಯಾಕ ಅದ." ಬೀಬಿ ಬಾಗಲ ಮರಿಂದ, "ಸುಣ್ಣ ಯಾರದು? ನನ್ನ ಹೆಸರು ಯಾರೂ ತಗೀವಲ್ರು!" ಅಂದ್ಲು. ಮುಂದಿನ ವಾರ ಪಗಾರಿಲೆ ಕೊಂಡ ಜೋಳದ ಚೀಲ ಗಾಡ್ಯಾಗ ಹಾಕ್ಕೊಂಡು ಖಾನಾಪುರಕ್ಕ ಹ್ವಾದ್ನಿ. ಅವ್ವ ದಪ್ಪ ರೊಟ್ಟಿ ಬಡದ್ಲು. ಅಪ್ಪ ರೊಟ್ಟಿ ಕೈಯಾಗ ಹಿಡಕೊಂಡು ನನ್ನ ನೋಡಿದ, ಆಮ್ಯಾಲೆ ಎದ್ದು ಹೊರಗ ಹೋಗಿ ಹೊಸಾ ಆವಿಗಿಗೆ ಜಾಗಾ ಅಳ್ಯಾಕ ಸುರು ಮಾಡಿದ, ಹೊಳಿ ದಂಡಿ ಬಿಟ್ಟು ದಿಬ್ಬದ ಮ್ಯಾಲೆ.

ಅದಕ್ಕs ಹೇಳ್ತೀನಿ, ಮನ್ಯಾಗ ಆಗ್ಲಿ ಕೆಲಸದಾಗ ಆಗ್ಲಿ ಏನರ ಖಡಖಡ ಅಂದ್ರ ಚಿಂದಿ ತುರುಕಿ ಬಾಯಿ ಮುಚ್ಚಸಬ್ಯಾಡ್ರಿ. ಸಡ್ಲ ಐತಿ ಅಂತ ಹೇಳ್ರಿ, ಬೆರಳು ತಪ್ಪು ಜಾಗಕ್ಕ ತೋರಿಸಿದ್ರೂ ಚಿಂತಿಲ್ಲ, ಬಾಜೂಕ ಕುಂತಾಂವಾ ಸರಿ ಜಾಗಾ ಹುಡುಕ್ತಾನ. ಏಳ್ರಿ ಈಗ, ರೊಟ್ಟಿ ಆರಾಕ ಹತ್ಯಾವು.