ಕುಕ್ಕರ್ ಚೀಟಿ ಇದೆ, ಪುಸ್ತಕ ಇಲ್ಲ

...ಹಾಗೆ ಗುರಾಯಿಸಬೇಡ, ಕೂತ್ಕೋ. ಲ್ಯಾಪ್‌ಟಾಪ್ ಸತ್ತಿಲ್ಲ, ಓಡ್ತಿದೆ. ನೀನೇ ತಾನೆ ತಂದಿಟ್ಟು ಹೋದವಳು? "ಅಕ್ಕಾ, ಹಳೇ ಆಪರೇಟಿಂಗ್ ಸಿಸ್ಟಮ್ ಹಾಗೇ ಇರಲಿ, ಪಕ್ಕದಲ್ಲಿ ಇನ್ನೊಂದು ಹಾಕ್ಕೊಡು, ನಿನಗೆ ನೀರು ಕುಡಿದಷ್ಟು ಸುಲಭ." ಆಗ ಅಕ್ಕ ಬೇಕಿತ್ತು.

ಹೇಳಿದ್ನಲ್ಲ, ಕೈತಪ್ಪಿ ಆಗಿದ್ದು. ಹಾಕೋವಾಗ ಅದು ಒಂದು ಪ್ರಶ್ನೆ ಕೇಳತ್ತೆ... ಹಳೇದರ ಪಕ್ಕದಲ್ಲಿ ಕೂರಿಸಲಾ, ಡಿಸ್ಕ್ ಪೂರ್ತಿ ಅಳಿಸಿ ಕೂರಿಸಲಾ ಅಂತ. ನಮ್ಮ ಕಾಲೇಜ್ ಲ್ಯಾಬಲ್ಲಿ ನಲವತ್ತು ಮಷೀನು. ಪ್ರತಿ ರಜೆಯಲ್ಲೂ ಅಳಿಸಿಯೇ ಹಾಕೋದು ನಾನು. ಹನ್ನೊಂದು ವರ್ಷದ ಅಭ್ಯಾಸ, ಬೆರಳು ತಾನಾಗೇ ಎರಡನೇದಕ್ಕೆ ಹೋಯ್ತು. ಏನು ಮಾಡ್ಲಿ, ಬೆರಳು ಕತ್ತರಿಸ್ಕೊಳ್ಲಾ?

ಯಾಕೆ ನಗ್ತೀಯಾ? ಇನ್ನೊಂದ್ಸಲ ಕೇಳಲ್ವಾ ಅಂತಲಾ? ಕೇಳತ್ತೆ. ಕೇಳ್ತು. ಒತ್ತಿದೆ. ಆಯ್ತಾ?

ಮೂರು ವರ್ಷ ಬರೆದ ಪುಸ್ತಕ ಹೋಯ್ತು ಅಂತ ನನ್ನ ಮೇಲೆ ಮೋರೆ ಊದಿಸ್ಕೊಂಡ್ರೆ? ಇನ್ನೊಂದು ಪ್ರತಿ ಇಟ್ಕೊಳ್ಳೋ ಬುದ್ಧಿ ನಿನಗಿರಬೇಕಿತ್ತು. ನಾನಾದ್ರೂ ಇಟ್ಟೆ. ತಗೋ ಪೆನ್‌ಡ್ರೈವ್, ಹಾಕಿ ನೋಡು. ಡಿಸ್ಕ್ ಮುಟ್ಟೋ ಮೊದಲು ಎಲ್ಲಾ ಎತ್ತಿಡೋದು ನನ್ನ ಪದ್ಧತಿ. ನಿನ್ನ ಮಾರ್ಕ್ಸ್ ಕಾರ್ಡು, ಮಗು ಫೋಟೋ, ಆ ಹಾಳು ಹಾಡುಗಳು... ಕುಕ್ಕರಿನ ಗ್ಯಾರಂಟಿ ಚೀಟಿ ಸಹ ಬಿಟ್ಟಿಲ್ಲ. ಒಂದೊಂದೇ ಫೋಲ್ಡರ್ ತೆಗೆದು ನೋಡಿ ಎತ್ತಿಟ್ಟಿದ್ದೀನಿ.

...ಏನು? ಕೊನೇ ಫೋಲ್ಡರ್‌ವರೆಗೂ ನೋಡಿದ್ಯಾ?

ಹೌದು, ಅದೊಂದಿಲ್ಲ. ಕುಕ್ಕರ್ ಚೀಟಿ ಇದೆ, ಪುಸ್ತಕ ಇಲ್ಲ. ಕಣ್ಣಿಗೆ ಬೀಳಲಿಲ್ಲ ಅಂದ್ರೆ ನಂಬ್ತೀಯಾ?

...ನಂಬಬೇಡ. ಓದಿದೆ. ಇಡೀ ಮಧ್ಯಾಹ್ನ ಕೂತು ಓದಿದೆ. "ಅಮ್ಮ ಸತ್ತ ದಿನ ಅಕ್ಕ ಅಳಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿ ಅಂತ ಕೇಳಿದಳು." ಅಷ್ಟೇ. ಪುಟ ತಿರುಗಿಸಿ ಮುಂದೆ ಹೋಗಿದ್ದೀಯಾ. ಊರವರೆಲ್ಲ ಓದಿ, ಓ, ಇವಳೇನಾ ಆ ಅಕ್ಕ ಅನ್ನಬೇಕು. ಅಮ್ಮನಿಗೆ ಕೊನೇ ಸಲ ಉಡಿಸೋಕೆ ಒಂದು ಒಳ್ಳೆ ಸೀರೆ ಬೇಕಿತ್ತು ಕಣೇ. ಅದಕ್ಕೆ ಕೇಳಿದ್ದು ಬೀಗದ ಕೈ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ. ನಿನಗೆ ಕೇಳಿಸಬಾರದು ಅಂತ. ನಿನಗಾಗ ಹದಿಮೂರು. ಹಸಿವು ಹಸಿವು ಅಂತ ನೀನು ಬಾಗಿಲು ಬಡೀತಿದ್ದೆ.

ಬ್ಯಾಗಲ್ಲಿ ಏನು ಹುಡುಕ್ತಿದ್ದೀಯಾ?... ಪೆನ್ನು ಯಾಕೆ? ಲೇ, ನಾನಿನ್ನೂ ಮಾತಾಡ್ತಿದ್ದೀನಿ. ಏನು ಗೀಚ್ತಿದ್ದೀಯಾ? ತೋರಿಸು ಇಲ್ಲಿ.

...ಇದನ್ನೂ ಪುಸ್ತಕಕ್ಕೆ ಹಾಕ್ತೀಯಾ.

ನಾಚಿಕೆ ಆಗಲ್ವಾ ನಿನಗೆ? ಕೊಡು, ಹರಿದು ಬಿಸಾಕ್ತೀನಿ. ಕೊಡು ಅಂದೆ...

ಆಯ್ತು. ಬರೀತೀಯಾದ್ರೆ ಸರಿಯಾಗಿ ಬರಿ. ಒಂದು ನಲ್ಲಿ ಅಲ್ಲ. ಎರಡೂ ಬಿಟ್ಟಿದ್ದೆ.