ಟ್ಯಾನಿಸ್‌ಗಾಗಿ ಹಚ್ಚಿದ ಬೆಂಕಿ ಆರಿದ ಬಗ್ಗೆ

ಹೆಸರು: ಡೆಲ್ಬರ್ಟ್ ವಾಬಸ್ಸೆ. ವಯಸ್ಸು: 58. ಉದ್ಯೋಗ: ಶಾಲಾ ಬಸ್ ಚಾಲಕ. ವಾಸ: ಸುಪೀರಿಯರ್ ಸರೋವರದ ದಂಡೆಯ ಈ ನಗರದ ಸೀಡರ್ ಬೀದಿಯಲ್ಲಿ, ತಂಗಿ ರೀಟಾಳ ಮನೆ.

ತಂಗಿಯ ಮೇಲೆ ಬಂದಿರುವ ದೂರಿನ ಬಗ್ಗೆ ನಾನು ಕಣ್ಣಾರೆ ಕಂಡದ್ದನ್ನು ಈ ಮೂಲಕ ತಿಳಿಸುವುದೇನೆಂದರೆ, ರೀಟಾಳ ಒಬ್ಬಳೇ ಮಗಳು ಟ್ಯಾನಿಸ್, ಹತ್ತೊಂಬತ್ತು ವರ್ಷ, ಕಳೆದ ಗುರುವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಈ ಸರೋವರದ ಸುತ್ತಲಿನ ಮೂಲನಿವಾಸಿಗಳಾದ ನಮ್ಮ ಅನಿಶಿನಾಬೆ ಜನರಲ್ಲಿ ಯಾರಾದರೂ ಹೋದರೆ ನಾಲ್ಕು ದಿನ ಬೆಂಕಿ ಕಾಯುತ್ತೇವೆ. ಹೋದವರು ಆ ಬೆಳಕಿನಲ್ಲಿ ದಾರಿ ನಡೆಯುತ್ತಾರೆ. ನಡುವೆ ಆರಬಾರದು. ಟ್ಯಾನಿಸ್‌ಗೆ ಚಿಕ್ಕಂದಿನಿಂದಲೂ ಕತ್ತಲೆಂದರೆ ಭಯ. ಇಷ್ಟು ದೊಡ್ಡವಳಾದರೂ ಮಲಗುವಾಗ ಹಜಾರದ ದೀಪ ಆರಿಸಲು ಬಿಡುತ್ತಿರಲಿಲ್ಲ. ನಾನು ರೇಗಿಸುತ್ತಿದ್ದೆ.

ಕಾಯುವ ಕೆಲಸವನ್ನು ರೀಟಾ ನನಗೆ ವಹಿಸಿದಳು. ಅಂದೇ ಸಂಜೆ ಹಿತ್ತಲಲ್ಲಿ, ಬೇಲಿಯಿಂದ ಹನ್ನೆರಡು ಅಡಿ ದೂರದಲ್ಲಿ, ಸೌದೆ ಜೋಡಿಸಿ ಹಚ್ಚಿದೆ. ಬಂದವರು ಚಿಟಿಕೆ ಹೊಗೆಸೊಪ್ಪು ಹಾಕಿ ಅವಳೊಂದಿಗೆ ಮಾತಾಡಿ ಹೋದರು. ರೀಟಾ ಮಗಳಿಗೆ ಇಷ್ಟವಾದ ಕಾಡಕ್ಕಿಯ ಊಟವನ್ನು ಬೆಂಕಿಗೆ ಒಪ್ಪಿಸಿದಳು.

ಶನಿವಾರ ಸಂಜೆ 6.40ಕ್ಕೆ ಅಗ್ನಿಶಾಮಕ ವಾಹನ ಬಂತು. ಹಿಂದಿನ ಮನೆಯವರು ಹೊಗೆಯ ಬಗ್ಗೆ ಫೋನ್ ಮಾಡಿದ್ದರಂತೆ. ಬಂದ ಅಧಿಕಾರಿ ಚಿಕ್ಕ ಪ್ರಾಯದವರು, ಒಳ್ಳೆಯವರೇ. ವಿಷಯ ಕೇಳಿ ಟೋಪಿ ತೆಗೆದರು. ಹಿತ್ತಲ ಬೆಂಕಿಗೆ ನಗರದ ಅನುಮತಿ ಬೇಕು, ಕಚೇರಿ ತೆರೆಯುವುದು ಸೋಮವಾರ, ಅಡುಗೆಯ ಸಣ್ಣ ಬೆಂಕಿಗಾದರೆ ಅನುಮತಿ ಬೇಡ ಎಂದರು. ಆಮೇಲೆ ದನಿ ತಗ್ಗಿಸಿ, "ಯಜಮಾನ್ರೇ, ಒಳಗಿಂದ ಒಂದು ಸಾಸೇಜ್ ತಂದು ಕಡ್ಡಿಗೆ ಚುಚ್ಚಿ ಹಿಡ್ಕೊಳ್ಳಿ. ಅಡುಗೆ ಮಾಡ್ತಿದೀನಿ ಅನ್ನಿ, ಸಾಕು. ನಾನು ಹಂಗೇ ಬರ್ಕೊಂಡು ಹೋಗ್ತೀನಿ," ಎಂದರು.

ಆ ಬೆಂಕಿಯಲ್ಲಿ ನಾವು ಏನನ್ನೂ ಬೇಯಿಸುವುದಿಲ್ಲ. ಅದರ ಮುಂದೆ ಸುಳ್ಳಾಡುವುದಂತೂ ಇಲ್ಲವೇ ಇಲ್ಲ. ಬೆಂಕಿ ಕಾಯಲು ಕಲಿಸಿದ ದಿನ ನನ್ನ ತಾತ ಮೊದಲು ಹೇಳಿದ್ದೇ ಅದು. ರೀಟಾ ಒಳಗೆ ಓಡಿಹೋಗಿ ಸಾಸೇಜ್ ತಂದು ನನ್ನ ಕೈಗೆ ತುರುಕಿದಳು. "ಅಣ್ಣಾ, ಹೂಂ ಅನ್ನೋ! ನಿನ್ ದಮ್ಮಯ್ಯ, ಒಂದೇ ಒಂದ್ ಮಾತು ಅಂದ್ಬಿಡೋ," ಎಂದು ತೋಳು ಹಿಡಿದು ಅಲುಗಿಸಿದಳು. ಇದು ಅಡುಗೆಯ ಬೆಂಕಿ ತಾನೇ ಎಂದು ಅಧಿಕಾರಿ ಮತ್ತೊಮ್ಮೆ ಕೇಳಿದರು. ನಾನು ಅಲ್ಲ ಎಂದೆ.

6.55ಕ್ಕೆ ನೀರು ಬಿಟ್ಟರು. ರೀಟಾ ಅಧಿಕಾರಿಯನ್ನು ತಳ್ಳಿದಳೆಂದು ದೂರಿನಲ್ಲಿದೆ. ಅವಳು ಯಾರನ್ನೂ ತಳ್ಳಲಿಲ್ಲ. ಅವರ ಪಕ್ಕದಿಂದ ನುಗ್ಗಿ ಮಂಡಿಯೂರಿ, ಒಂದಾದರೂ ಕೆಂಡ ಉಳಿದಿದೆಯೇ ಎಂದು ಬರಿಗೈಯಲ್ಲಿ ಬೂದಿ ಕೆದಕಿದಳು. "ಇನ್ನೂ ಅರ್ಧ ದಾರೀಲಿದಾಳೋ, ಕತ್ತಲಾಗೋಯ್ತು," ಎಂದಳು. ಎರಡೂ ಅಂಗೈ ಸುಟ್ಟಿವೆ. ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ಸೋಮವಾರ ಮಗಳಿಗೆ ಮಣ್ಣು ಹಾಕಿದಳು.

ಅಂದಿನಿಂದ ನನ್ನೊಂದಿಗೆ ಮಾತಿಲ್ಲ. ಹಜಾರದ ದೀಪವನ್ನು ಹಗಲಲ್ಲೂ ಆರಿಸುವುದಿಲ್ಲ. ಹಿಂದಿನ ಮನೆಯವರ ಮೇಲಾಗಲಿ, ಅಧಿಕಾರಿಯ ಮೇಲಾಗಲಿ ನನ್ನ ದೂರಿಲ್ಲ. ನಿಯಮದಲ್ಲಿ ಸಾಸೇಜಿಗೆ ಜಾಗವಿತ್ತು, ನಮ್ಮ ಹುಡುಗಿಗೆ ಇರಲಿಲ್ಲ. ತಂಗಿಯ ಮೇಲಿನ ದೂರನ್ನು ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ಸತ್ಯ. ಶನಿವಾರ ಸಂಜೆ ನಾನು ಹೇಳಿದ್ದೂ ಸತ್ಯವೇ. ಒಂದು ಸುಳ್ಳು ಹೇಳಿದ್ದರೆ ಟ್ಯಾನಿಸ್ ಬೆಳಕಿನಲ್ಲಿ ಹೋಗುತ್ತಿದ್ದಳು.

ಸ್ಥಳ: ನಗರ ಪೊಲೀಸ್ ಠಾಣೆ
ದಿನಾಂಕ: 23 ಅಕ್ಟೋಬರ್ 2019
ಸಹಿ: ಡೆಲ್ಬರ್ಟ್ ವಾಬಸ್ಸೆ